ಹತ್ತೊಂಬತ್ತನೇ ಬಾಗಿಲು

"ಆ ಪುಸ್ತಕದಲ್ಲಿ ನಮ್ಮ ಮನೆ ಇಲ್ಲ ಕಣೇ," ಎಂದಳು ಅತ್ತೆ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. "ಇಲ್ಲ ಅಂತ್ಲೇ ನಾವೆಲ್ಲ ಇದೀವಿ. ಸುಮ್ನೆ ಮಲಗಿರೋದನ್ನ ಕೆಣಕೋಕೆ ಹೋಗ್ಬೇಡ."

ಬೇರಕ್ಕ ಗೊಳ್ಳೆಂದು ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಡೈರೆಕ್ಟರಿ ತಿರುವಿ ಹಾಕುವುದೇ ಅವಳ ಕಸುಬು. ಪಟ್ಟಣದ ಯಾವ ಬೀದಿಯ ಯಾವ ಬಾಗಿಲಿನಲ್ಲಿ ಯಾರಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ಸಾಲುಸಾಲಾಗಿ ಬರೆದು ವರ್ಷಕ್ಕೊಂದರಂತೆ ಅಚ್ಚು ಹಾಕುವ ದಪ್ಪ ಪುಸ್ತಕಗಳು ಅವು. ಮುಂದಿನ ಅರ್ಧದಲ್ಲಿ ಬೀದಿಗಳು, ಹಿಂದಿನ ಅರ್ಧದಲ್ಲಿ ಕಸುಬುಗಳು. ಅವುಗಳ ಹಳೆಯ ಸಂಪುಟಗಳನ್ನು ಹಿಡಿದುಕೊಂಡು ಜನರಿಗೆ ಅವರವರ ಅಜ್ಜ, ಮುತ್ತಜ್ಜ, ಅವರ ಮನೆ, ಅಂಗಡಿ ಎಲ್ಲವನ್ನೂ ಹುಡುಕಿ ಕೊಡುತ್ತಿದ್ದಳು. ವಂಶದ ಬೇರು ಕೆದಕುವವಳು ಎಂದು ಯಾರೋ ತಮಾಷೆಗೆ ಬೇರಕ್ಕ ಅಂದಿದ್ದು ಹಾಗೇ ಅಂಟಿಕೊಂಡಿತ್ತು. ಆದರೆ ತನ್ನ ಸ್ವಂತ ಮುತ್ತಜ್ಜ ಎಲ್ಲಿದ್ದ, ಏನು ಮಾಡಿಕೊಂಡಿದ್ದ ಎಂದು ಕೇಳಿದರೆ ಅವಳ ಬಳಿ ಉತ್ತರವಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಅವಳು ಬೆಳೆದದ್ದು ಬೇರೆ ಊರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ, ಮಗಳನ್ನು ಕರೆದುಕೊಂಡು ಅವನು ಹುಟ್ಟಿದ ಈ ಪಟ್ಟಣಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದಳು. ಗಂಡ ಹಡಗಿನ ಕೆಲಸದವನು, ವರ್ಷದ ಬಹುಪಾಲು ನೀರಿನ ಮೇಲೆ. ಹತ್ತಿರದವರು ಅಂತ ಇಲ್ಲಿದ್ದವಳು ಅಪ್ಪನ ಅಕ್ಕ ಒಬ್ಬಳೇ. ದರ್ಜಿ ಅಂಗಡಿಗಳಿಗೆ ಗುಂಡಿ ಹೊಲಿದುಕೊಡುವ ಈ ಅತ್ತೆಯ ಸೂಜಿಗಿಂತ ನಾಲಿಗೆ ಚೂಪು.

"ಏನತ್ತೆ, ಪುಸ್ತಕದಿಂದ ಭೂತ ಎದ್ದು ಬರುತ್ತಾ?"

"ಭೂತ ಅಲ್ಲ, ಮಾಟ. ಭೂತ ಆಗಿದ್ರೆ ಕೈಕಾಲು ಹಿಡ್ಕೊಂಡು ಬೇಡ್ಕೋಬಹುದಿತ್ತು. ಮಾಡಿದ್ದುಣ್ಣೋ ಮಹರಾಯ ಅಂತ ನಿನ್ನ ಮುತ್ತಜ್ಜ ಉಂಡಿದ್ದಾಯ್ತು. ಮಿಕ್ಕಿದ್ದನ್ನ ನೀನು ಬಡಿಸ್ಕೋಬೇಡ."

"ಮಿಕ್ಕಿದ್ದು ಇಷ್ಟು ಹೊತ್ತಿಗೆ ಹಳಸಿರುತ್ತೆ ಬಿಡಿ ಅತ್ತೆ."

ಅತ್ತೆ ನಗಲಿಲ್ಲ. ಮೂಲೆಯಲ್ಲಿ ಗುಂಡಿಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ ಹುಡುಗಿಯ ಕಡೆ ನೋಡಿದಳು. ಬೇರಕ್ಕನ ಮಗಳು. ಮೂಗಿನ ಮೇಲೆ ದೊಡ್ಡ ಕನ್ನಡಕ, ಬಾಯಿ ಬಿಟ್ಟರೆ ಅರಳು ಹುರಿದಂತೆ ಮಾತು. ಅದಕ್ಕೇ ಮನೆಯಲ್ಲಿ ಅವಳ ಹೆಸರು ಅರಳು.

"ಮಗು ಇರೋಳು ನೀನು," ಎಂದಳು ಅತ್ತೆ. ಅಷ್ಟೇ. ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದಳು.

ಮರುದಿನವೇ ಬೇರಕ್ಕ ಪುಸ್ತಕಾಲಯದ ನೆಲಮಾಳಿಗೆಗೆ ಇಳಿದಳು. ಬೇಡ ಅಂದದ್ದನ್ನೇ ಮಾಡುವ ಚಾಳಿ ಅವಳಿಗೆ ಅಪ್ಪನಿಂದ ಬಂದದ್ದು. ಆ ನೆಲಮಾಳಿಗೆಗೆ ಕಿಟಕಿಯಿಲ್ಲ. ಹಳೆಯ ಚರ್ಮ, ಒಣಗಿದ ಗೋಂದು, ನುಸಿಗುಳಿಗೆ ಎಲ್ಲ ಸೇರಿ ಗಂಟಲಿಗೆ ಕೂರುವಂಥ ವಾಸನೆ. ಮೇಜಿಗೊಂದು ಹಸಿರು ಗಾಜಿನ ದೀಪ. ಅದರ ವೃತ್ತದ ಆಚೆಗೆ ಕಪಾಟುಗಳು ಕತ್ತಲಲ್ಲಿ ಎಲ್ಲಿ ಮುಗಿಯುತ್ತವೆ ಎಂದು ಕಾಣುತ್ತಿರಲಿಲ್ಲ. ಮೆಟ್ಟಿಲ ಬಳಿ ಕೂತು ಆಕಳಿಸುತ್ತಿದ್ದ ಕಾವಲಿನವನು, "ಗಂಟೆ ಹೊಡೆದ ಮೇಲೆ ಕರೆಯೋಕೆ ಬರಲ್ಲ ಮೇಡಂ, ನೀವೇ ಹತ್ತಿ ಬರ್ಬೇಕು," ಎಂದ.

ಅಪ್ಪ ಯಾವಾಗಲೋ ಒಮ್ಮೆ ಕುಲುಮೆ ಬೀದಿ ಅಂದಿದ್ದ ನೆನಪು. ಆ ಒಂದೇ ಎಳೆ ಹಿಡಿದು ಮುತ್ತಜ್ಜನ ಕಾಲದ ಸಂಪುಟ ತೆರೆದಳು. ಬೀದಿಯ ಎಡಬದಿಗೆ ಬೆಸ ಸಂಖ್ಯೆಗಳು. ಹದಿನೇಳು, ಹಗ್ಗ ಹೊಸೆಯುವವನು. ಅದರ ಕೆಳಗೆ ಇಪ್ಪತ್ತೊಂದು, ಕೊಡೆ ರಿಪೇರಿಯವನು. ಹತ್ತೊಂಬತ್ತು ಎಲ್ಲಿ? ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸಂಖ್ಯೆ ಅಚ್ಚಾಗಲೇಬೇಕು, ಅದು ಡೈರೆಕ್ಟರಿಯ ಕ್ರಮ. ಇಲ್ಲಿ ಸಂಖ್ಯೆಯೇ ಇಲ್ಲ, ಹಲ್ಲು ಕಿತ್ತ ವಸಡಿನ ಹಾಗೆ ಬೋಳಾಗಿ ಒಂದು ಸಾಲಿನಷ್ಟು ಜಾಗ. ಮುಂದಿನ ಸಂಪುಟಗಳಲ್ಲೂ ಹಾಗೇ. ಅವಳ ಎದೆ ಖುಷಿಯಿಂದ ಹೊಡೆದುಕೊಂಡಿತು. ಹುಡುಕುವವರಿಗೆ ಇಂಥ ತೂತು ಸಿಕ್ಕಿದರೆ ಹಬ್ಬ.

ಹಿಂದಿನ ಸಂಪುಟ ತೆಗೆದು ಕಸುಬುಗಳ ಭಾಗ ತಿರುವಿದಳು. ಗಾಜಿನ ಕೆಲಸದವರು. ಅಲ್ಲಿತ್ತು! ಮುತ್ತಜ್ಜನ ಹೆಸರು, ಅವನಪ್ಪನ ಹೆಸರಿನ ಸಮೇತ. ಗಾಜು ಊದುವವನು, ಕುಲುಮೆ ಬೀದಿ, ಹತ್ತೊಂಬತ್ತು. ಅದರ ಮರುವರ್ಷದಿಂದ ಮನುಷ್ಯನೂ ಇಲ್ಲ, ಬಾಗಿಲೂ ಇಲ್ಲ.

"ಸಿಕ್ಕಿಬಿದ್ದೆಯಲ್ಲ ತಾತ," ಎಂದು ಪಿಸುಗುಟ್ಟಿ ಪೆನ್ಸಿಲ್ ತೆಗೆದಳು.

ಹುಡುಕುವವರಲ್ಲಿ ಒಂದು ಪದ್ಧತಿಯಿದೆ. ಬಿಟ್ಟುಹೋದ ಬಾಗಿಲಿನಲ್ಲಿ ಯಾರಿದ್ದರೆಂದು ಪತ್ತೆಯಾದರೆ, ಅದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಕೆಳಗೆ ತಮ್ಮ ಈಗಿನ ವಿಳಾಸ ಹಾಕಬೇಕು. ಅದೇ ಬೇರಿನ ಇನ್ನೊಂದು ಕವಲು ಎಲ್ಲಾದರೂ ಇದ್ದರೆ, ಅದನ್ನು ನೋಡಿ ಮನೆಗೆ ಬಂದು ಬಾಗಿಲು ತಟ್ಟಲಿ ಎಂದು. ಹೀಗೆ ಎಷ್ಟೋ ದೂರದ ನೆಂಟರು ಸೇರಿದ್ದಾರೆ. ಪುಸ್ತಕದಲ್ಲಿ ಗೀಚಬಾರದು ಎಂಬ ಫಲಕವಿದ್ದರೂ ಪುಸ್ತಕಾಲಯದವರು ಕಂಡೂ ಕಾಣದ ಹಾಗಿರುತ್ತಾರೆ. ಬೇರಕ್ಕ ಆ ಬೋಳು ಜಾಗದಲ್ಲಿ ಹತ್ತೊಂಬತ್ತು ಎಂದು ದುಂಡಗೆ ಬರೆದಳು. ಪಕ್ಕದ ಅಂಚಿನಲ್ಲಿ ಮುತ್ತಜ್ಜನ ಹೆಸರು, ಕಸುಬು ಬರೆದಳು. ಈಗಿನ ವಾಸ ಎಂದು ಬರೆದು, ತಾನೂ ಮಗಳೂ ಇದ್ದ ಮನೆಯ ಸಂಖ್ಯೆ, ಬೀದಿ ಎಲ್ಲವನ್ನೂ ಬರೆದು ಚುಕ್ಕಿ ಇಟ್ಟಳು.

ದೀಪದ ಹಸಿರು ಗಾಜಿನ ಮೇಲೆ ಮಬ್ಬು ಕವಿಯಿತು. ಯಾರೋ ತೀರಾ ಹತ್ತಿರದಿಂದ ಹಾ ಎಂದು ಊದಿದ ಹಾಗೆ ದುಂಡನೆಯ ಮಬ್ಬು. ಬೇರಕ್ಕ ತಲೆಯೆತ್ತಿ ನೋಡಿದಳು. ಯಾರೂ ಇರಲಿಲ್ಲ. ಸುಟ್ಟ ಮರಳಿನ ವಾಸನೆ ಒಂದು ಕ್ಷಣ ಬಂದು ಹೋಯಿತು. ನೆಲಮಾಳಿಗೆಯ ಥಂಡಿ ಎಂದುಕೊಂಡು ಸೆರಗಿನಿಂದ ಗಾಜು ಒರೆಸಿ, ಪುಸ್ತಕ ಮುಚ್ಚಿ ಮೇಲೆ ಹತ್ತಿದಳು.

ಮನೆಯಲ್ಲಿ ಮೊದಲು ಮಬ್ಬಾದದ್ದು ಮುಂಬಾಗಿಲಿನ ಗಾಜು. ಮಟಮಟ ಮಧ್ಯಾಹ್ನ, ಬಿಸಿಲು ಸುಡುತ್ತಿದೆ, ಗಾಜಿನ ಹೊರಮೈಯಲ್ಲಿ ಬಾಯಗಲದ ತೇವ. ಒರೆಸಿದಳು. ಮರುದಿನ ಅದು ಗಾಜಿನ ಒಳಮೈಯಲ್ಲಿತ್ತು. ಆಮೇಲೆ ನಡುಮನೆಯ ಕಪಾಟಿನ ಗಾಜು. ಆಮೇಲೆ ಮಲಗುವ ಕೋಣೆಯ ಕನ್ನಡಿ. ಮನೆಯೊಳಗೆಲ್ಲ ಬೂದಿಯ, ಕಾದ ಕಬ್ಬಿಣದ ವಾಸನೆ. ಒಲೆ ಹಚ್ಚದಿದ್ದರೂ ಅದೇ ವಾಸನೆ. ಜೊತೆಗೆ ಸದ್ದು. ಉದ್ದ ಕೊಳವೆಯಲ್ಲಿ ಯಾರೋ ಊದುವ ಸದ್ದು. ಊಫ್... ಎಂದು ಎಳೆದು, ಕೊನೆಯಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ನಲ್ಲಿಯಲ್ಲಿ ಗಾಳಿ ಸೇರಿಕೊಂಡಿದೆ ಎಂದು ಕೊಳಾಯಿಯವನನ್ನು ಕರೆಸಿದಳು. ಅವನು ಎಲ್ಲ ಬಿಚ್ಚಿ ನೋಡಿ, ಕಿವಿಗೊಟ್ಟು ಕೇಳಿ, ಉಪಕರಣ ಬಾಚಿಕೊಂಡು ಕೂಲಿಯನ್ನೂ ಕೇಳದೆ ಹೊರಟುಹೋದ.

ಒಂದು ಸಂಜೆ ಅರಳು ಶಾಲೆಯ ಕತೆ ಹೇಳುತ್ತ ಹೇಳುತ್ತ ನಡುವೆ ನಿಂತಳು. ಅವಳು ಹಾಗೆ ನಿಂತದ್ದೇ ಇಲ್ಲ. ಬಾಯಿ ತೆರೆದಿತ್ತು, ಮಾತು ಹೊರಗೆ ಬರಲಿಲ್ಲ. ಕನ್ನಡಕದ ಎರಡೂ ಗಾಜು ಮೆಲ್ಲಗೆ ಮಬ್ಬಾದವು. ಒಳಗಿನಿಂದ.

"ಅಮ್ಮಾ," ಎಂದಳು ಹೇಗೋ. "ಯಾರೋ ನನ್ ಉಸಿರು ಎಳ್ಕೋತಿದಾರೆ."

ಡಾಕ್ಟರು ಎದೆ ಪರೀಕ್ಷಿಸಿದರು, ಬೆನ್ನು ತಟ್ಟಿದರು, ಎಕ್ಸ್-ರೇ ತೆಗೆಸಿದರು. ಶ್ವಾಸಕೋಶ ಹೊಸ ಚೆಂಡಿನ ಹಾಗಿದೆ, ಏನೂ ಇಲ್ಲ ಎಂದರು. ಅದೇ ಡಾಕ್ಟರ ಎದುರಿಗೇ ಹುಡುಗಿಯ ತುಟಿ ನೀಲಿಯಾಯಿತು. ಮಾತ್ರೆ ಕೊಟ್ಟು ಕಳಿಸಿದರು. ದಿನದಿನಕ್ಕೆ ಮಗಳ ಮಾತು ಕಡಿಮೆಯಾಯಿತು. ಮೊದಲು ಉದ್ದನೆಯ ಕತೆಗಳು ಹೋದವು, ಆಮೇಲೆ ಪ್ರಶ್ನೆಗಳು. ಕೊನೆಗೆ ಹ್ಞಾಂ, ಊಹೂಂ ಅಷ್ಟೇ ಉಳಿಯಿತು. ಇನ್ನು ತಡೆಯಲಾರದೆ ಬೇರಕ್ಕ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಅತ್ತೆಯ ಮನೆಗೆ ಓಡಿದಳು.

ಅತ್ತೆ ಹುಡುಗಿಯ ಕನ್ನಡಕ ನೋಡಿದಳು. ಕೈಯಲ್ಲಿದ್ದ ಕೋಟು ಕೆಳಗೆ ಬಿತ್ತು.

"ಏನ್ ಬರೆದೆ?"

"ಅಂಚಲ್ಲಿ ಬರ್ದೆ ಅತ್ತೆ. ಮುತ್ತಜ್ಜನ ಹೆಸರು. ನಮ್ಮನೆ ವಿಳಾಸ."

"ಅಯ್ಯೋ ಹಾಳಾದೋಳೇ!" ಅತ್ತೆ ಹಣೆ ಚಚ್ಚಿಕೊಂಡಳು. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಆಗ ಹೇಳಿದಳು.

"ಅವನು ಗಾಜು ಊದೋನು. ಪಕ್ಕದ ಬೀದಿಯೋನೊಬ್ಬ ಅವನ ಹತ್ರ ಕೆಲಸಕ್ಕಿದ್ದ. ಎದೆ ರೋಗದೋನು. ಅವನ ಹೆಂಡ್ತಿ ಬಂದು, ನನ್ನ ಗಂಡನ ಕೈಲಿ ಇನ್ನು ಊದೋಕಾಗಲ್ಲ, ಬಿಟ್ಬಿಡಿ ಅಂತ ಕಾಲು ಹಿಡಿದ್ಲು. ನಿನ್ನ ಮುತ್ತಜ್ಜ ಏನಂದ ಗೊತ್ತಾ? ಉಸಿರಿರೋ ತನಕ ಊದ್ಲಿ ಅಂದ. ಊದ್ತಾ ಊದ್ತಾನೇ ಹೋದ ಅವನು, ಕೊಳವೆ ಬಾಯಲ್ಲೇ ಇತ್ತಂತೆ. ಕೊಳವೆ ತುದೀಲಿ ಒಂದು ಗಾಜಿನ ಬುರುಡೆ, ಅದ್ರೊಳಗೆ ಅವನ ಕೊನೇ ಉಸಿರು. ಹೆಂಡ್ತಿ ಅದನ್ನ ಬಾಯಿ ಮುಚ್ಚಿ ಮಾಟಗಾರನ ಹತ್ರ ಎತ್ಕೊಂಡ್ಹೋದ್ಲು. ಅವನು ಡೈರೆಕ್ಟರಿ ಬಿಚ್ಚಿಟ್ಕೊಂಡು ನಿನ್ನ ಮುತ್ತಜ್ಜನ ಹೆಸರು, ಕಸುಬು, ಬಾಗಿಲು ಮೂರನ್ನೂ ಆ ಬುರುಡೆಗೆ ಓದಿ ಹೇಳಿ ಒಡೆದ."

ಅತ್ತೆ ನೀರು ಕುಡಿದಳು.

"ಮನೆ ತುಂಬ ಮಕ್ಕಳಿದ್ರು. ಉಳಿದೋನು ನಮ್ಮಪ್ಪ, ಅಂದ್ರೆ ನಿನ್ನ ಅಜ್ಜ, ಒಬ್ಬನೇ. ಮಿಕ್ಕೋರೆಲ್ಲ ಹೀಗೇ, ಗಾಜಿಗೆ ಮಬ್ಬು ಹಿಡಿದು, ಉಸಿರು ಕಟ್ಟಿ. ಆಮೇಲೆ ನಿನ್ನ ಮುತ್ತಜ್ಜ ಮನೆ ಕೆಡವಿ, ಕಸುಬು ಬಿಟ್ಟು, ಅಚ್ಚು ಹಾಕೋರ ಕೈಕಾಲು ಹಿಡಿದು ಆ ನಂಬರನ್ನೇ ತೆಗೆಸಿದ. ಮಾಟಕ್ಕೆ ಕಣ್ಣಿಲ್ಲ ಕಣೇ. ಬಾಗಿಲು ಹೇಳಿಕೊಟ್ರೆ ಮಾತ್ರ ಬರುತ್ತೆ. ನೀನು ಹೇಳಿಕೊಟ್ಟೆ."

"ಈಗ್ಲೇ ಹೋಗಿ ಅಳಿಸ್ತೀನಿ."

"ಅಳಿಸಿದ್ರೆ ಹೋಗಲ್ಲ. ಆಗ ಬಾಗಿಲನ್ನೇ ಕೆಡವಿದ್ದಕ್ಕೆ ಮಲಗಿತ್ತು, ಈಗ ಎಬ್ಬಿಸಿದೀಯ. ಎದ್ದಿದ್ದು ಯಾವ್ದಾದ್ರೂ ಒಂದು ಬಾಗಿಲಿಗೆ ಹೋಗ್ಲೇಬೇಕು." ಅತ್ತೆ ಕೋಟನ್ನು ಎತ್ತಿ ಕೊಡವಿದಳು. "ನಿಮ್ಮನೇದು ತೆಗೆದು ನನ್ನ ಮನೇದು ಬರಿ. ನಾನು ಬದುಕಿದ್ದಾಯ್ತು. ಗುಂಡಿ ಹೊಲಿಯೋಕೆ ಬೇರೆ ಯಾರಾದ್ರೂ ಸಿಕ್ತಾರೆ."

ಬೇರಕ್ಕ ಅತ್ತೆಯ ಕೈ ಹಿಡಿದುಕೊಂಡಳು. ಅಳು ಉಕ್ಕಿ ಬಂತು. ಅಳುತ್ತಿದ್ದಾಗಲೇ ತಲೆ ಓಡಿತು, ಅದು ಅವಳ ಕಸುಬಿನ ತಲೆ.

"ಖಾಲಿ ಮನೆ ಬರೆದ್ರೆ, ಅತ್ತೆ?"

"ಹ್ಞಾಂ?"

"ಯಾರೂ ಇಲ್ದಿರೋ ಮನೆ. ಬಾಗಿಲಿಗೆ ಹೋಗುತ್ತೆ, ಒಳಗೆ ಯಾರೂ ಇರಲ್ಲ. ಅಲ್ಲೇ ಇರ್ಲಿ, ಊದ್ಕೊಂಡಿರ್ಲಿ. ಯಾರೂ ಸಾಯ್ಬೇಕಾಗಿಲ್ಲ."

ಅತ್ತೆ ಅವಳ ಮುಖವನ್ನೇ ನೋಡಿದಳು. ಆ ಮುದುಕಿಯ ಕಣ್ಣಿನಲ್ಲಿ ಬದುಕುವ ಆಸೆ ಹಣಕಿದ್ದು ಬೇರಕ್ಕನಿಗೆ ಕಂಡಿತು. ಅದನ್ನು ನೋಡಿ ಅವಳ ಧೈರ್ಯ ಇಮ್ಮಡಿಯಾಯಿತು. ಮಗಳನ್ನು ಅಲ್ಲೇ ಮಲಗಿಸಿ ಪುಸ್ತಕಾಲಯಕ್ಕೆ ಧಾವಿಸಿದಳು.

ಮೇಲಿನ ಓದುಕೋಣೆಯಲ್ಲಿ ಈಗಿನ ಡೈರೆಕ್ಟರಿಯಿತ್ತು. ಬೆರಳು ಸಾಲಿನಿಂದ ಸಾಲಿಗೆ ಓಡಿತು. ಅಕ್ಕಪಕ್ಕಕ್ಕೂ ತಾಗಬಾರದು ಎಂದು ಎಚ್ಚರದಿಂದ ಹುಡುಕಿದಳು. ನೇಕಾರರ ಓಣಿಯ ಕೊನೆಯ ಮನೆ, ಅದರ ಒಂದು ಬದಿಗೆ ಗೋದಾಮು, ಇನ್ನೊಂದು ಬದಿಗೆ ಗೋಡೆ. ಮನೆಯ ಮುಂದೆ ಅಚ್ಚಾಗಿತ್ತು: ಖಾಲಿ. ಬೇರಕ್ಕ ಆ ಪದಕ್ಕೆ ಮುತ್ತಿಡುವುದೊಂದು ಬಾಕಿ.

ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಮುಚ್ಚುವ ಗಂಟೆ ಹೊಡೆಯಿತು. ಕಾವಲಿನವನು ಕುರ್ಚಿಯಲ್ಲಿರಲಿಲ್ಲ. ಹಳೆಯ ಸಂಪುಟ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಹಾಳೆ ಬೆಚ್ಚಗಿತ್ತು. ಮುಟ್ಟಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ. ತನ್ನ ವಿಳಾಸದ ಮೇಲೆ ರಬ್ಬರು ಉಜ್ಜಿದಳು. ಅಕ್ಷರ ಹೋಯಿತು. ಹೋದ ಜಾಗದಲ್ಲಿ ತೇವ ಮೂಡಿತು. ತೇವದಲ್ಲೇ ಅದೇ ವಿಳಾಸ ಮತ್ತೆ ಕಾಣಿಸಿತು.

ಊಫ್...

ಕಪಾಟಿನ ಹಿಂದೆ. ಅಲ್ಲ, ಈಚೆಗೆ. ದೀಪದ ಗಾಜು ಮಬ್ಬಾಯಿತು. ಬೆಳಕು ಹಸಿರು ಬಿಟ್ಟು ಬೂದಿಯಾಯಿತು. ಆಮೇಲೆ ಬೂದಿಯೂ ಇಲ್ಲ. ಕತ್ತಲೆ. ಸುಟ್ಟ ಮರಳು ಮೂಗಿಗೆ ತುಂಬಿಕೊಂಡಿತು. ಬಿಸಿ. ಕುಲುಮೆಯ ಬಾಯಿ ತೆರೆದಂಥ ಬಿಸಿ. ಬೆನ್ನಿನ ಹಿಂದೆ ಯಾರೋ ಕೆಮ್ಮಿದರು. ತಿರುಗಬೇಡ, ಎಂದುಕೊಂಡಳು. ತಿರುಗಬೇಡ, ಬರಿ. ಕೈ ತಡವಿತು. ಪೆನ್ಸಿಲ್ ಸಿಕ್ಕಿತು. ಹಾಳೆಯ ಬಿಸಿಯ ಮೇಲೆ ಬೆರಳಿಟ್ಟು ಜಾಗ ಗುರುತಿಸಿದಳು. ಒಣಗಿದ ತುಟಿಗಳು ಅವಳ ಕಿವಿಗೆ ತಾಗಿದವು. ಎಳೆಯತೊಡಗಿದವು. ಮೂಗಿನಿಂದ ಅಲ್ಲ, ಬಾಯಿಂದ ಅಲ್ಲ, ಎದೆಯ ತಳದಿಂದ ಉಸಿರು ದಾರದ ಹಾಗೆ ಹೊರಗೆ ಬರುತ್ತಿತ್ತು. ಪಕ್ಕೆ ಒಳಗೆ ಕುಸಿಯಿತು. ಕಣ್ಣಲ್ಲಿ ಕಿಡಿ. ಅರಳು. ಅರಳು. ಅರಳು. ಬರೆದಳು. ನೇಕಾರರ ಓಣಿ. ಬರೆದಳು. ಕೊನೆಯ ಮನೆ. ಸಂಖ್ಯೆ. ಈಗಿನ ವಾಸ. ಚುಕ್ಕಿ.

ಎಳೆಯುವುದು ನಿಂತಿತು.

ಕಿವಿಯ ಹತ್ತಿರ ಏನೋ ತಡೆದು ನಿಂತು ಓದುತ್ತಿದ್ದ ಹಾಗಿತ್ತು. ಆಮೇಲೆ ಮೆಟ್ಟಿಲ ಕಡೆ ಒಂದು ಬಿಸಿ ಗಾಳಿ ಬೀಸಿ ಹೋಯಿತು. ದೀಪ ಹತ್ತಿಕೊಂಡಿತು. ಬೇರಕ್ಕ ಮೇಜಿನ ಮೇಲೆ ತಲೆಯಿಟ್ಟು ಮೀನಿನ ಹಾಗೆ ಬಾಯಿ ತೆರೆದು ಉಸಿರಾಡಿದಳು. ಬದುಕಿರುವುದಕ್ಕೆ ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಅತ್ತೆಯ ಮನೆ ತಲುಪುವ ಮೊದಲೇ ಬೀದಿಗೆ ದನಿ ಕೇಳುತ್ತಿತ್ತು. ಅರಳು ಮಾತಾಡುತ್ತಿದ್ದಳು. ಗುಂಡಿಗೆ ಯಾಕೆ ನಾಲ್ಕು ತೂತು, ಎರಡು ಯಾಕೆ ಸಾಲದು, ಹಡಗಿನಲ್ಲಿ ಅಪ್ಪನ ಕೋಟಿನ ಗುಂಡಿ ಬಿದ್ದರೆ ಯಾರು ಹೊಲಿಯುತ್ತಾರೆ. ಅತ್ತೆ ಅಳುತ್ತ ನಗುತ್ತ ಕೂತಿದ್ದಳು.

ಇಲ್ಲಿಗೆ ಕತೆ ಮುಗಿಸಿಬಿಡಬಹುದಿತ್ತು. ಆದರೆ ಬೇರಕ್ಕನಿಗೆ ಕೆಲಸ ಸರಿಯಾಗಿ ಮುಗಿದಿದೆಯೇ ಎಂದು ನೋಡಿ ಬರುವ ಗೀಳು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನೇಕಾರರ ಓಣಿಗೆ ಹೋದಳು. ಕೊನೆಯ ಮನೆಯ ಮುಂದೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಅಂಗೈಯಷ್ಟಗಲದ ಅಂಗಿಗಳು ಒಣಗುತ್ತಿದ್ದವು.

ಬೇರಕ್ಕನ ಕಾಲು ಅಲ್ಲೇ ಹೂತುಹೋಯಿತು. ಬಂದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊಟ್ಟಮೊದಲ ಪಾಠ ಒಂದಿತ್ತು. ಮನೆಮನೆ ಸುತ್ತಿ ಬರೆದುಕೊಂಡು, ಅಚ್ಚಾಗಿ, ಹೊಲಿದು ಹೊರಬರುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಡೈರೆಕ್ಟರಿಯಲ್ಲಿರುವುದು ಹೋದ ವರ್ಷದ ಊರು, ಈ ವರ್ಷದ್ದಲ್ಲ. ಕಣ್ಣು ಮುಚ್ಚಿಕೊಂಡು ನಂಬಬೇಡಿ ಎಂದು ಎಷ್ಟು ಜನಕ್ಕೆ ಬೈದಿದ್ದಳೋ. ಬೇಕಾದ ಗಳಿಗೆಯಲ್ಲಿ ಅವಳಿಗೇ ಅದು ಹೊಳೆದಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಒಬ್ಬ ಎಳೆಯ ತಾಯಿ, ಸೊಂಟದಲ್ಲಿ ಕೂಸು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕಿಟಕಿಯ ಗಾಜು ಉಜ್ಜುತ್ತಿದ್ದಳು.

"ನೋಡಿ ಅಕ್ಕಾ," ಎಂದಳು, ಪರಿಚಯವಿಲ್ಲದಿದ್ದರೂ ನಗುತ್ತ. "ಎಷ್ಟು ಒರೆಸಿದ್ರೂ ಮಬ್ಬು ಹೋಗೋದೇ ಇಲ್ಲ. ಹೋದ ಬೇಸಿಗೇಲಿ ಬಂದಾಗ ಕನ್ನಡಿ ಹಾಗಿತ್ತು ಈ ಗಾಜು. ಯಾರನ್ನ ಹುಡುಕ್ತಿದೀರಿ?"

ಕೂಸು ಒಮ್ಮೆ ಕೆಮ್ಮಿತು. ಬೇರಕ್ಕನ ಚೀಲದಲ್ಲಿ ಪೆನ್ಸಿಲ್ ಇತ್ತು, ರಬ್ಬರಿತ್ತು. ಪುಸ್ತಕಾಲಯ ಇನ್ನೂ ತೆರೆದಿತ್ತು. ಇನ್ನೊಂದು ಖಾಲಿ ಮನೆ ಬರೆದರೆ ನಾಳೆ ಅಲ್ಲಿಗೂ ಯಾರೋ ಬಂದು ಸೇರುತ್ತಾರೆ. ಅತ್ತೆಯ ವಿಳಾಸ ಅವಳಿಗೆ ಬಾಯಿಪಾಠ. ತನ್ನದೂ.

"ಯಾರೂ ಇಲ್ಲ," ಎಂದಳು. "ಮನೆ ತಪ್ಪಿತು."

ತಿರುಗಿ ನಡೆದಳು. ನಾಚಿಕೆಯಾಯಿತು, ಹೇಸಿಗೆಯಾಯಿತು, ಎದೆ ಬಿರಿಯುವಷ್ಟು ದುಃಖವಾಯಿತು. ಆದರೂ ಕಾಲು ನಿಲ್ಲಲಿಲ್ಲ. ಅದಾದ ಮೇಲೆ ಅವಳು ನೆಲಮಾಳಿಗೆಗೆ ಇಳಿಯಲಿಲ್ಲ, ಆ ಕಸುಬನ್ನೂ ಮಾಡಲಿಲ್ಲ. ಅತ್ತೆ ಯಾವ ಮನೆ ಬರೆದೆ ಎಂದು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಡೈರೆಕ್ಟರಿಯವನು ಹೊಸ ಸಂಪುಟಕ್ಕೆ ಮನೆಮನೆ ಬರೆದುಕೊಳ್ಳುತ್ತ ಅವಳ ಬಾಗಿಲಿಗೆ ಬಂದ. ಬಿಸಿಲಿಗೆ ಬೆವರಿದ್ದ, ನೀರು ಕೇಳಿ ಕುಡಿದ.

"ನೇಕಾರರ ಓಣಿಯಿಂದ ಇಲ್ಲೀವರೆಗೂ ನಡ್ಕೊಂಡೇ ಬಂದೆ ಅಮ್ಮ," ಎಂದ. "ಅಲ್ಲಿ ಕೊನೇ ಮನೆಗೆ ಹೋದ್ರೆ ಬೀಗ. ಪಾಪ, ಮೊದಲು ಕೂಸು, ಆಮೇಲೆ ತಾಯಿ. ಗಂಡ ಊರು ಬಿಟ್ಟನಂತೆ. ಖಾಲಿ ಅಂತ ಬರ್ಕೊಂಡೆ. ಇರ್ಲಿ, ನಿಮ್ಮ ಹೆಸರು? ಕಸುಬು?"

ಬೇರಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗೆ ಮಗಳು ತಾನೇ ಟೀಚರಾಗಿ ತನಗೇ ಪಾಠ ಹೇಳುತ್ತ, ತಾನೇ ಗದರಿಸಿಕೊಳ್ಳುತ್ತ ಮನೆಯೆಲ್ಲ ಸದ್ದು ಮಾಡುತ್ತಿದ್ದಳು.

"ಬರ್ಕೋಬೇಡಿ," ಎಂದಳು.

"ಹಾಗಂದ್ರೆ ಹೇಗಮ್ಮ, ಏನಾದ್ರೂ ಒಂದು ಬರೀಲೇಬೇಕು."

"ಖಾಲಿ ಅಂತ ಬರ್ಕೊಳ್ಳಿ."

ಅವನು ಅವಳ ಭುಜದ ಮೇಲಿನಿಂದ ಒಳಗೆ ಇಣುಕಿದ. ಹುಡುಗಿ ಅವನನ್ನು ಕಂಡು, ನೀವು ಯಾರು, ಯಾಕೆ ಬಂದಿರಿ, ಆ ಪುಸ್ತಕದಲ್ಲಿ ಏನಿದೆ, ನನ್ನ ಹೆಸರೂ ಬರೀತೀರಾ ಎಂದು ಒಂದೇ ಉಸಿರಿಗೆ ಕೇಳಿದಳು.

"ಖಾಲಿ?" ಎಂದ ಅವನು, ಬೆಪ್ಪಾಗಿ.

"ಹೌದು," ಎಂದಳು ಬೇರಕ್ಕ. "ಇಲ್ಲಿ ಯಾರೂ ಇಲ್ಲ."

ಅವನು ತಲೆ ಕೆರೆದುಕೊಂಡು ಹಾಗೇ ಬರೆದುಕೊಂಡು ಮುಂದಿನ ಮನೆಗೆ ಹೋದ.